ಕೋವಿಡ್ ಕಾಲದಲ್ಲಿ ಹೃದಯ ನಿಂತವರಿಗೆ ಏರ್ ಆಂಬುಲೆನ್ಸ್ ತಂಡ ಚಿಕಿತ್ಸೆ ಕೊಡುವ ರೀತಿ ಹೇಗೆ ಬದಲಾಯಿತು?

ದೊಡ್ಡ ಬದಲಾವಣೆ ಪಿಪಿಇಯದು, ಅಂದರೆ ಸೋಂಕು ತಗಲದಂತೆ ಹಾಕುವ ರಕ್ಷಣಾ ಉಡುಪಿನದು. ಎದೆ ಒತ್ತುವಾಗ, ಉಸಿರಿನ ಕೊಳವೆ ಹಾಕುವಾಗ ವೈರಸ್ ಇರುವ ಸಣ್ಣ ಹನಿಗಳು ಗಾಳಿಗೆ ಸೇರಬಹುದು. ಹಾಗಾಗಿ ಸಿಬ್ಬಂದಿ ಮೊದಲು ಗೌನು, ಮಾಸ್ಕ್, ಫೇಸ್ ಶೀಲ್ಡ್ ಹಾಕಿಕೊಳ್ಳಬೇಕಿತ್ತು. ಅದಕ್ಕೆ ಸಮಯ ಹಿಡಿಯುತ್ತದೆ. ಇತ್ತ ಸಿಪಿಆರ್ (ಎದೆ ಒತ್ತಿ ರಕ್ತ ಹರಿಸುವುದು), ಹೃದಯಕ್ಕೆ ವಿದ್ಯುತ್ ಶಾಕ್ ಎರಡೂ ಸಿಗದಿದ್ದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತದೆ. ಒಂದು ನಿಮಿಷ ತಡವಾದರೂ ಜಾಸ್ತಿಯೇ, ಅಲ್ವಾ? ಅದಕ್ಕೇ 2020ರಲ್ಲಿ ಹೃದಯ ನಿಂತವರ ಚಿಕಿತ್ಸೆಗೆ ಸಲಹೆ ಕೊಡುವ ಅಂತರರಾಷ್ಟ್ರೀಯ ಸಮಿತಿ ಐಎಲ್‌ಸಿಒಆರ್, ಪಿಪಿಇ ಹಾಕುವ ಮೊದಲೇ ಶಾಕ್ ಕೊಡುವುದನ್ನು ಪರಿಗಣಿಸಬಹುದು ಎಂದಿತು.

ಹಾರುವ ಹೆಲಿಕಾಪ್ಟರಿನ ಇಕ್ಕಟ್ಟಿನಲ್ಲಿ ಕೈಯಿಂದ ಎದೆ ಒತ್ತುವುದು ಮೊದಲೇ ಕಷ್ಟ. ಎದೆ ಒತ್ತುವ ಯಂತ್ರ ಇದ್ದರೆ ರೋಗಿಯ ಹತ್ತಿರ ಕಡಿಮೆ ಜನ ಸಾಕು, ಸೋಂಕಿನ ಭಯವೂ ಕಡಿಮೆ.

ಆದರೆ ತಂಡ ಬರುವವರೆಗೆ ಜೀವ ಹಿಡಿದಿಡುವವರು ಪಕ್ಕದಲ್ಲಿದ್ದವರೇ. ಕೋವಿಡ್ ಕಾಲದಲ್ಲಿ ರೋಗಿಯ ಬಾಯಿಗೆ ಬಟ್ಟೆ ಮುಚ್ಚಿ ಒತ್ತಲು ಹೇಳುತ್ತಿದ್ದರು. ನಿಮಿಷಕ್ಕೆ 100ರಿಂದ 120 ಬಾರಿ ಎದೆ ಒತ್ತಿ. ದಯವಿಟ್ಟು ಸುಮ್ನೆ ಕಾಯುತ್ತಾ ನಿಲ್ಲಬೇಡಿ.