ಪ್ರಕರಣ: ತಾಳಿ ತಾಳಿ ದಣಿದ ಬೆಟಗೇರಿಯ ಹೆಣ್ಣುಮಗಳು

(ಗುರುತು ಸಿಗದಂತೆ ವಯಸ್ಸು, ಕಸುಬು, ಮನೆಯ ವಿವರ ಬದಲಿಸಿದೆ.)

44 ವರ್ಷ. ಮನೆಯಲ್ಲೇ ಹೊಲಿಗೆ: ಬ್ಲೌಸು, ಫಾಲು, ಪಿಕೋ. ಗದಗಿನ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಮಾಡುತ್ತಿದ್ದ ಗಂಡನಿಗೆ ಲಕ್ವಾ ಹೊಡೆದು 14 ತಿಂಗಳಾಗಿದೆ, ಎಡಭಾಗ ಸ್ವಾಧೀನದಲ್ಲಿಲ್ಲ. ಪಿಯುಸಿ ಓದುವ ಮಗಳು, ವಯಸ್ಸಾದ ಅತ್ತೆ. ಮೈದುನ ಹುಬ್ಬಳ್ಳಿಯಲ್ಲಿದ್ದಾನೆ, ಈ ಕಡೆ ತಲೆ ಹಾಕುವುದಿಲ್ಲ. ಮನೆಯ ಆದಾಯ ತಿಂಗಳಿಗೆ ಸುಮಾರು 13,000 ರೂಪಾಯಿ. ಮೂರು ಸಂಘದ ಸಾಲಗಳ ಕಂತಿಗೇ 8,200 ಹೋಗುತ್ತದೆ.

ತಲೆನೋವು, ನಿದ್ದೆ ಇಲ್ಲ ಎಂದು ಆಪ್ತಸಮಾಲೋಚನೆಗೆ ಬಂದವರು. ಅರ್ಧ ಗಂಟೆಯಾದ ಮೇಲೆ ನಿಜವಾದ ಮಾತು ಹೊರಬಿತ್ತು: "ದೇವ್ರು ನನ್ನ ತಾಳ್ಮಿ ಪರೀಕ್ಷಾ ಮಾಡಾಕತ್ಯಾನ್ರೀ ಅಕ್ಕಾರ, ನಾ ಫೇಲ್ ಆಗೇನಿ." ಗಂಡನ ಮುಂದೆ ತಾಟು ಕುಕ್ಕಿದ್ದರು. ಮಗಳ ಮೇಲೆ ದಿನಾ ಒದರುತ್ತಿದ್ದರು. ಆ ನಾಚಿಕೆಗೆ ಮೂರು ತಿಂಗಳಿಂದ ಕರ್ತನ ಭೋಜನ (ಚರ್ಚಿನ ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ. 1841ರಲ್ಲಿ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ನೆಲೆಯಾದ ಊರು ಬೆಟಗೇರಿ. ಇಲ್ಲಿಯ ಹಳೇ ಕ್ರೈಸ್ತ ಸಭೆಯ ಮನೆಗಳಲ್ಲಿ ಸಂಕಟವನ್ನು ಬಾಯಿಬಿಟ್ಟು ಹೇಳುವುದೇ ಅವಿಶ್ವಾಸ ಎಂಬ ಭಾವನೆ ಇನ್ನೂ ಗಟ್ಟಿಯಾಗಿದೆ. ಸಭೆಯ ಹಿರಿಯರೊಬ್ಬರು "ಯೋಬನ್ನ ನೋಡವಾ, ಸುಮ್ಮನ ತಾಳ್ಕೋ" ಎಂದಿದ್ದರಂತೆ.

ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ನರಳಿದ ಯೋಬನನ್ನು ನೋಡಿದರೆ ಬೇರೆಯೇ ಕಾಣುತ್ತದೆ. ಅವನು ಸುಮ್ಮನಿದ್ದದ್ದು ಮೊದಲೆರಡು ಅಧ್ಯಾಯ ಮಾತ್ರ. ಮೂರರಿಂದ ಮೂವತ್ತೊಂದರವರೆಗೆ, ಗೆಳೆಯರ ಮಾತಿನ ನಡುನಡುವೆ, ಅವನದು ಒಂದೇ ತಕರಾರು. ಕೊನೆಗೆ ದೇವರು ತಪ್ಪು ಹೊರಿಸಿದ್ದು ಬುದ್ಧಿ ಹೇಳಲು ಬಂದ ಗೆಳೆಯರ ಮೇಲೆ. ಯೋಬ ಸರಿಯಾಗಿ ಮಾತಾಡಿದ ಎಂದೇ ಅಲ್ಲಿದೆ (42:7). ಅಧ್ಯಾಯ ತೆರೆದು ತೋರಿಸಿದಾಗ ಆಕೆ ಅದೇ ವಾಕ್ಯವನ್ನು ಎರಡು ಸಲ ಓದಿದರು.

ಸದ್ಗುಣದ ಮಾತಿಗೆ ಮೊದಲು ಜೀವದ ಮಾತು. "ಸತ್ರ ಸಾಕು ಅನಸ್ತೈತೇನ್ರೀ?" ಎಂದು ನೇರವಾಗಿ ಕೇಳಲಾಯಿತು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ. ಒಮ್ಮೊಮ್ಮೆ ಅನಿಸುತ್ತದೆ, ಏನೂ ಮಾಡಿಕೊಳ್ಳಲು ಹೋಗಿಲ್ಲ ಎಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟು, ಆ ವಾರವೇ ಮನೋವೈದ್ಯರ ಬಳಿ ಕಳಿಸಲಾಯಿತು. ನಿದ್ದೆಗೇಡು, ಬೇಸರ, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಸಾಯುತ್ತೇನೆಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಎರಡು ಸಲ ರೊಟ್ಟಿ ನೀರು ಕೊಟ್ಟು ಮಲಗಲು ಬಿಟ್ಟ (1 ಅರಸುಗಳು 19). ದೇವರ ಪ್ರಶ್ನೆ ಬಂದದ್ದು ಅದಾದ ಮೇಲೆ.

ಮುಂದಿನ ಗಂಟು ಮಾತಿನದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ತಾಳ್ಮೆಗೆ "ಹುಪೊಮೊನೆ", ಅಂದರೆ ಹೊರೆಯ ಕೆಳಗೆ ನಿಂತಿರುವುದು. ಮನುಷ್ಯರ ವಿಷಯದಲ್ಲಿ ಸಿಟ್ಟನ್ನು ತಡೆದು ನಡೆಯುವುದಕ್ಕೆ ಬೇರೆ ಮಾತಿದೆ, "ಮಕ್ರೊಥುಮಿಯ". ಗಲಾತ್ಯ 5:22ರ ಕನ್ನಡದಲ್ಲಿ ಅದು ದೀರ್ಘಶಾಂತಿ. ಗಂಡನ ಲಕ್ವಾ ತಾಳಬೇಕಾದ ಹೊರೆ. ಮೈದುನನ ಜಾರಿಕೆ ಆ ಲೆಕ್ಕಕ್ಕೆ ಬರುವುದಿಲ್ಲ, ಅದು ಮಾತಾಡಿ ಸರಿಪಡಿಸಬೇಕಾದದ್ದು. ಈಕೆ ಎರಡನ್ನೂ ಒಂದೇ ಗಂಟು ಕಟ್ಟಿ "ನನ್ನ ಶಿಲುಬಿ" ಎಂದು ಹೊತ್ತಿದ್ದರು. ನುಂಗಿದ ಸಿಟ್ಟು ಮೈದುನನಿಗೆ ಮುಟ್ಟದೆ ಮಗಳ ಮೇಲೆ ಇಳಿಯುತ್ತಿತ್ತು.

2 ಪೇತ್ರ 1ರಲ್ಲಿ ನಂಬಿಕೆಯಿಂದ ಪ್ರೀತಿಯವರೆಗೆ ಎಂಟು ಗುಣಗಳ ಸಾಲಿದೆ. ಎಂಟನ್ನೂ ಒಟ್ಟಿಗೆ ಹಿಡಿದವರು ಎರಡನೇ ವಾರಕ್ಕೆ ಕೈಬಿಡುತ್ತಾರೆ. ನಾಲ್ಕು ವಾರಕ್ಕೆ ಒಂದೇ ಸಾಕು. ಆಕೆ ದಮೆ, ಅಂದರೆ ತನ್ನನ್ನು ತಾನು ಹಿಡಿತದಲ್ಲಿಡುವುದನ್ನು, ಆರಿಸಿಕೊಂಡರು. ಹೊಲಿಗೆಯ ಅಳತೆ ಬರೆಯುವ ವಹಿಯ ಹಿಂಬದಿಯಲ್ಲಿ ನಾಲ್ಕು ಗೆರೆ: ಎಷ್ಟು ಹೊತ್ತಿಗೆ ಸಿಟ್ಟು ಬಂತು, ಅದಕ್ಕೆ ಮೊದಲು ಏನಾಗಿತ್ತು, ಮೈಯಲ್ಲಿ ಏನಾಯಿತು, ಏನು ಮಾಡಿದೆ. ಅವತ್ತೇ ಬರೆಯಬೇಕು. ಮರುದಿನ ಬರೆದರೆ ಅದು ಪಶ್ಚಾತ್ತಾಪದ ಪ್ರಬಂಧವಾಗುತ್ತದೆ, ಲೆಕ್ಕ ಆಗುವುದಿಲ್ಲ.

ಒಂಬತ್ತು ದಿನದಲ್ಲಿ 11 ಸಲ. ಎಂಟು ಸಲ ಸಂಜೆ ಆರರಿಂದ ಎಂಟರೊಳಗೆ. ಬೆಳಿಗ್ಗೆ ಹತ್ತಕ್ಕೆ ರೊಟ್ಟಿ ತಿಂದರೆ ಮತ್ತೆ ರಾತ್ರಿಯೇ ಊಟ, ನಡುವೆ ನಾಲ್ಕು ಕಪ್ ಚಹಾ. ಕಂತಿನ ಮಂಗಳವಾರ ಎರಡೆರಡು ಸಲ. ಉಪಾಯ ಅಲ್ಲಿಂದಲೇ ಹೊರಟಿತು. ನಾಲ್ಕು ಗಂಟೆಗೆ ಹೊಲಿಗೆ ಮಿಷನ್ ನಿಲ್ಲಿಸಿ ಅರ್ಧ ರೊಟ್ಟಿ ಶೇಂಗಾ ಚಟ್ನಿ. ದವಡೆ ಬಿಗಿಯಾಯಿತು ಎನಿಸಿದರೆ ಹಿತ್ತಲಿಗೆ ಹೋಗಿ ಒಂದು ತಂಬಿಗೆ ನೀರಿನಿಂದ ಕೈಕಾಲು ತೊಳೆದು ಬರುವುದು. ಒದರಿಯೇ ಬಿಟ್ಟರೆ ಅದೇ ರಾತ್ರಿ ಮಗಳಿಗೆ "ಒದರಿದ್ದು ನಂದ ತಪ್ಪು" ಎನ್ನಬೇಕು, "ಆದ್ರ ನೀನೂ..." ಎಂದು ಬಾಲ ಹಚ್ಚಬಾರದು. ಪ್ರಾರ್ಥನೆಗೆ 13ನೇ ಕೀರ್ತನೆ, ಆರೇ ವಚನ. ಮೊದಲೆರಡು ದೂರು, ಮುಂದಿನೆರಡು ಬೇಡಿಕೆ, ಕೊನೆಯೆರಡು ಭರವಸೆ. ಬಾಯಿಗೆ ಬಾರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ ಎಂದು ಹೇಳಲಾಯಿತು.

ಸಾಲದ ಬಗ್ಗೆ ಚುಟುಕಾಗಿ: ನಾಲ್ಕನೆಯದನ್ನು ತೆಗೆದು ಮೂರನೆಯದನ್ನು ಕಟ್ಟುವುದು ಬೇಡ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ಕೊಡುವಾಗ ಎಲ್ಲ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಗಂಡನ ಆದಾಯ ನಿಂತ ಸಂಗತಿಯನ್ನು ಆಸ್ಪತ್ರೆ ಕಾಗದದ ಪ್ರತಿ ಹಚ್ಚಿ ಬರವಣಿಗೆಯಲ್ಲಿ ಕೊಟ್ಟು ಕಂತಿನ ಅವಧಿ ಹಿಗ್ಗಿಸಲು ಕೇಳಬೇಕು.

ಮೈದುನನ ಮಾತುಕತೆ ಮೊದಲ ಸಲ ಕೆಟ್ಟಿತು. ಮತ್ತಾಯ 18:15 ಇಬ್ಬರೇ ಇರುವಾಗ ಹೇಳು ಎನ್ನುತ್ತದೆ. ಈಕೆ ಅತ್ತೆಯ ಎದುರಿಗೆ ಎತ್ತಿದರು, ಅತ್ತೆ ಮಗನ ಕಡೆ ನಿಂತರು. "ನೀ ಏನೂ ನೋಡಂಗಿಲ್ಲ" ಎಂದು ಶುರುಮಾಡಿದ್ದೂ ತಪ್ಪಾಯಿತು, ಅದಕ್ಕೆ ಜಗಳವೇ ಉತ್ತರ. ಎರಡನೇ ಸಲಕ್ಕೆ ವಾಕ್ಯ ಬರೆದು ಓದಿಸಲಾಯಿತು: "ತಿಂಗಳಿಗೆ ಎರಡು ಶನಿವಾರ ರಾತ್ರಿ ನೀ ಬಂದು ಅಣ್ಣನ ಹತ್ರ ಮಲಗು. ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸಬೇಕು, ಇಲ್ಲಂದ್ರ ಬೆನ್ನು ಹುಣ್ಣಾಗತೈತಿ. ನಾ ಒಂದು ಪೂರ್ತಿ ರಾತ್ರಿ ನಿದ್ದಿ ಮಾಡಬೇಕು." ಈ ಸಲ ಸಭಾಪಾಲಕರು ಜೊತೆಗಿದ್ದರು. ಒಂದು ಶನಿವಾರಕ್ಕೆ ಒಪ್ಪಿದ, ದುಡ್ಡಿನ ಮಾತಿಗೆ ಜಾರಿಕೊಂಡ.

ನಾಲ್ಕನೇ ವಾರಕ್ಕೆ ಸಿಟ್ಟಿನ ಲೆಕ್ಕ ವಾರಕ್ಕೆ ಮೂರಕ್ಕೆ ಇಳಿದಿತ್ತು. ಐದನೇ ವಾರ ಮತ್ತೆ ಆರಾಯಿತು, ಗಂಡನಿಗೆ ಜ್ವರ ಬಂದಿತ್ತು. ಆ ಆರನ್ನೂ ಬರೆದಿದ್ದರು, ಹಾಳೆ ಹರಿದಿರಲಿಲ್ಲ. ಹೊಸ ಪುಟದಲ್ಲಿ "ದೀರ್ಘಶಾಂತಿ" ಎಂದು ಬರೆದು, ಕೆಳಗೆ ಮೈದುನನ ಹೆಸರು ಹಾಕಿ ಗೀರಿ ಹೊಡೆದು, "ಅತ್ತಿ" ಎಂದು ತಿದ್ದಿದ್ದರು. "ಅಂವಾ ತಿಂಗಳಿಗೊಮ್ಮೆ ಬರ್ತಾನ್ರೀ, ಇವ್ರು ದಿನಾ ಇರ್ತಾರ."