ಎಳ್ಳಮಾಸಿ ಬುತ್ತಿಯೊಳಗ ನಾಯಿಗೆ ಯಾವುದು ಹಾಕಬೇಕು, ಯಾವುದು ಬ್ಯಾಡ

ಅಣ್ಣಾರ, ಎಳ್ಳಮಾಸಿಗೆ ಚರಗ (ಎಡಿ) ಚೆಲ್ಲಾಕ ಹೊಲಕ್ಕ ಹೋಗೂಮುಂದ ನಾಯಿನೂ ಹಿಂದ ಬರ್ತೈತಿ, ಹೋಳಿಗಿ ಹಾಕಿದ್ರ ನಡಿತೈತೇನು ಅಂತ ಕೇಳೀರಿ. ಒಂದು ತುಣುಕು ಹೋಳಿಗಿಗೆ ಏನೂ ಆಗಂಗಿಲ್ರಿ, ಭಾಳಂದ್ರ ಹೊಟ್ಟಿ ಕೆಡತೈತಿ. ಎಲ್ರೂ ಸಿಹಿಗೆ ಹೆದ್ರತಾರ, ನಾ ಹೆದರೋದು ಪಲ್ಯಾದ ಡಬ್ಬಿಗೆ.

ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿ ರಕ್ತದಾಗಿನ ಕೆಂಪು ಕಣ ಒಡಿತಾವು. ಕುದಿಸಿದ್ರೂ ಹುರಿದ್ರೂ ಆ ಗುಣ ಹೋಗಂಗಿಲ್ಲ, ಒಣಗಿಸಿ ಪುಡಿ ಮಾಡಿದ್ರ ಇನ್ನೂ ಜೋರು. ಎಣ್ಣಿಗಾಯಿ, ಶೇಂಗಾ ಚಟ್ನಿ, ಕಟ್ಟಿನ ಸಾರು, ಎಲ್ಲಾದ್ರಾಗೂ ಇವು ಬೀಳತಾವು, ಇವು ಇಲ್ದ ನಮ್ಮ ಬುತ್ತಿ ಯಾವುದೈತಿ ಹೇಳ್ರಿ. ನಾಯಿ ತೂಕ ಒಂದು ಕೆ.ಜಿ.ಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಹೊಟ್ಟಿಗೆ ಹೋದ್ರ ರಕ್ತ ಕೆಡಾಕ ಚಾಲೂ ಆಗ್ತೈತಿ, 20 ಕೆ.ಜಿ. ನಾಯಿಗೆ 300 ಗ್ರಾಂ, ಅಂದ್ರ ಮೂರ್ನಾಕು ಗಡ್ಡಿ. ಅಷ್ಟು ಯಾರು ಹಾಕ್ತಾರ ಅನ್ನಬ್ಯಾಡ್ರಿ, ದಿನಾ ಸ್ವಲ್ಪ ಸ್ವಲ್ಪ ತಿಂದ್ರೂ ಕೂಡ್ಕೋತ ಹೊಕ್ಕೈತಿ, ಹಬ್ಬ ಮುಗಿದ ಮ್ಯಾಲ ಉಳಿದದ್ದು ಹಳಸಿದ್ದು ಎಲ್ಲಾ ಯಾರ ಮುಂದ ಬೀಳತೈತಿ ಅನ್ನೋದು ನಿಮಗೂ ಗೊತ್ತೈತಿ. ತಿಂದ ದಿನ ಏನೂ ಕಾಣಂಗಿಲ್ಲ. ಮೂರ್ನಾಕು ದಿನಕ್ಕ ಸುಸ್ತಾಗಿ ಮೂಲಿ ಹಿಡಿತೈತಿ, ವಸಡು ಬೆಳ್ಳಗ ಆಗ್ತಾವು, ಉಚ್ಚಿ ಚಹಾದ ಬಣ್ಣಕ್ಕ ಬರ್ತೈತಿ. ಉಣ್ಣಿ ಜ್ವರದಾಗೂ ಹಿಂಗ ಆಗೋದ್ರಿಂದ ಡಾಕ್ಟರ್‌ಗೆ ಹಿಂದಿನ ವಾರ ತಿಂದದ್ದೂ ಹೇಳ್ರಿ.

ಎರಡನೇದು ಒಣದ್ರಾಕ್ಷಿ. ಗೋಧಿ ಹುಗ್ಗಿ, ಪಾಯಸ, ಲಾಡು ಯಾವುದ್ರಾಗಿದ್ರೂ ಬ್ಯಾಡ, ಹಸಿ ದ್ರಾಕ್ಷಿನೂ ಬ್ಯಾಡ. ಕೆಲವು ನಾಯಿಗೆ ನಾಕು ಕಾಳಿಗೇ ವಾಂತಿ ಹಿಡಿದು ಎರಡ್ಮೂರು ದಿನದಾಗ ಕಿಡ್ನಿ ಹೊಕ್ಕಾವು, ಇನ್ನೊಂದಕ್ಕ ಏನೂ ಆಗಂಗಿಲ್ಲ, ಅದಕ್ಕ ಇಷ್ಟು ನಡಿತೈತಿ ಅನ್ನೋ ಅಳತಿನೇ ಇಲ್ಲ. ಅದ್ರಾಗಿನ ಟಾರ್ಟಾರಿಕ್ ಆಮ್ಲನೇ ಕಾರಣ ಇರಬೇಕಂತ 2021ರಿಂದ ಡಾಕ್ಟರ್ ಮಂದಿ ಹೇಳ್ತಾರ. ಅದೇ ಆಮ್ಲ ನಮ್ಮ ಹುಣಸಿಹಣ್ಣಿನಾಗೂ ಭರಪೂರ ಐತಿ ನೋಡ್ರಿ, ಹಂಗಾಗಿ ಗಟ್ಟಿ ಹುಳಿ ಸಾರು, ಹುಣಸಿ ತೊಕ್ಕು ನಾನಂತೂ ಹಾಕಂಗಿಲ್ಲ.

ಊರಿಂದ ಬಂದ ಹುಡುಗ್ರ ಕೈಯಾಗ ಚಾಕಲೇಟ್ ಇದ್ರ ಇಸ್ಕೊಂಡು ಮ್ಯಾಲಿಡ್ರಿ, ಕಪ್ಪು ಆದಂಗ ವಿಷ ಜಾಸ್ತಿ. ಶುಗರ್ ಇದ್ದೋರು ತಿನ್ನೋ ಶುಗರ್‌ಫ್ರೀ ಬಿಸ್ಕೀಟು, ಚೂಯಿಂಗ್ ಗಮ್‌ನಾಗ ಸಕ್ಕರಿ ಬದ್ಲಿ ಹಾಕೋ ಕ್ಸೈಲಿಟಾಲ್ ಇದ್ರ ಅರ್ಧ ತಾಸಿನಾಗೇ ನಾಯಿ ತೂರಾಡಿ ಬೀಳತೈತಿ. ಕುದಿಸಿದ ಎಲುಬು, ಅದ್ರಾಗೂ ಕೋಳಿದು, ಸೀಳಿ ಕರುಳಿಗೆ ಚುಚ್ಚತಾವು. ಎಳ್ಳಮಾಸಿ ಆದ ಹದಿನೈದಿಪ್ಪತ್ತು ದಿನಕ್ಕ ಕೊಪ್ಪಳದಾಗ ಗವಿಮಠದ ಜಾತ್ರಿ ಬರ್ತೈತಿ, ಆವಾಗಿನ ಮಿರ್ಚಿ ಭಜಿನೂ ಅಷ್ಟೇ, ಅಷ್ಟು ಎಣ್ಣಿ ಒಮ್ಮೆಲೇ ಹೋದ್ರ ಮೇದೋಜೀರಕ ಗ್ರಂಥಿ ಬಾಯ್ತೈತಿ.

ಹೊಲಕ್ಕ ಹೋಗೂಮುಂದ ಮನ್ಯಾಗೇ ಬರೇ ಸಜ್ಜಿ ರೊಟ್ಟಿ ಇಲ್ಲಾ ಜೋಳದ ರೊಟ್ಟಿ ಮುರಿದು, ಮಜ್ಜಿಗಿ ಹಾಕಿ, ಒಂದು ಕುದಿಸಿದ ತತ್ತಿ ಕಲಸಿ ಹೊಟ್ಟಿ ತುಂಬಾ ಹಾಕಿಬಿಡ್ರಿ. ಚರಗ ಚೆಲ್ಲಿ ಊಟ ಮುಗಿಯೋತನ ಬಂಡಿಗಾಲಿಗೆ ಕಟ್ರಿ, ಉಂಡ ಎಲಿ, ಪ್ಲಾಸ್ಟಿಕ್ ಕವರ್ ಬದುವಿನ ಮ್ಯಾಲ ಒಗಿಬ್ಯಾಡ್ರಿ, ವಾಸನಿಗೆ ಕವರ್ ಸಮೇತ ನುಂಗತಾವು.

ಇಷ್ಟಾದ್ರೂ ಏನರ ತಿಂದ್ರ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಾಕ ಹೋಗಬ್ಯಾಡ್ರಿ, ಆ ಉಪ್ಪೇ ಮಿದುಳಿಗೆ ಹತ್ತಿ ನಾಯಿ ಸಾಯಬಹುದು. ಮನಷ್ಯಾರ ನೋವಿನ ಗುಳಿಗಿನೂ ಬ್ಯಾಡ. ಎರಡು ತಾಸಿನೊಳಗ ಪಶು ಆಸ್ಪತ್ರಿ ಮುಟ್ಟಿದ್ರ ಅವರೇ ಇಂಜೆಕ್ಷನ್ ಮಾಡಿ ಕಕ್ಕಸ್ತಾರ, ದೂರ ಇದ್ರ ಪಶು ಸಹಾಯವಾಣಿ 1962ಕ್ಕ ಫೋನ್ ಹಚ್ಚಿ ಕೇಳ್ರಿ. ನಾಯಿ ತೂಕ, ತಿಂದದ್ದೇನು, ಎಷ್ಟೊತ್ತಾತು, ಇವಿಷ್ಟು ತಯಾರಿಟ್ಕೊಳ್ರಿ. ನಿಮ್ಮದು ಮುಧೋಳ ತಳಿನೋ ಊರನಾಯಿನೋ, ತೂಕ ಎಷ್ಟೈತಿ ಇಲ್ಲೇ ಕೆಳಗ ಬರೀರಿ, ರೊಟ್ಟಿ ಲೆಕ್ಕ ಹೇಳ್ತೀನಿ.