ಮೀನು ಮಾಂಸ ಮುಟ್ಟದ ಅಮ್ಮನನ್ನು ಕೊರಿಯನ್ ಹೋಟೆಲ್‌ಗೆ ಕರೆದುಕೊಂಡು ಹೋಗಬಹುದಾ?

ಊರಿಂದ ಬಂದಿರುವ ಅಮ್ಮನಿಗೆ ಕೊರಿಯನ್ ಊಟ ಮಾಡಿಸಬೇಕು, ಮನೆ ಹತ್ತಿರದ ಸಣ್ಣ ಹೋಟೆಲ್‌ಗಿಂತ ಶನಿವಾರ ದೊಡ್ಡ ಬಾರ್ಬೆಕ್ಯೂ ಹೋಟೆಲ್ಲೇ ವಾಸಿ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಸಣ್ಣದಕ್ಕೇ ಹೋಗಿ, ವಾರದ ಮಧ್ಯೆ ಹೋಗಿ. ಆದರೆ ನಾನು ಮಾಡಿದ ಹಾಗೆ ಮಾಡಬೇಡಿ.

ನಾವಿರೋದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ. ಇಲ್ಲಿ ಎಲ್ ಕಮಿನೋ ರಿಯಲ್ ರಸ್ತೆಯಲ್ಲಿ, ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಆಸುಪಾಸಿನಲ್ಲಿ, ಕೊರಿಯನ್ ಅಂಗಡಿ, ಹೋಟೆಲ್‌ಗಳು ಬೇಕಾದಷ್ಟಿವೆ. ಒಂದು ಮಂಗಳವಾರ ಆಫೀಸ್ ಮುಗಿಸಿಕೊಂಡು ಅಮ್ಮನನ್ನು ಅಲ್ಲೊಂದು ಪುಟ್ಟ ಹೋಟೆಲ್‌ಗೆ ಕರೆದುಕೊಂಡು ಹೋದೆ. ಕೂತ ತಕ್ಷಣ ಬಾರ್ಲಿ ಟೀ ಬಂತು. ಹಿಂದೆಯೇ ಬಾಂಚಾನ್, ಅಂದರೆ ಪುಟ್ಟ ಪುಟ್ಟ ತಟ್ಟೆಗಳಲ್ಲಿ ನೆಂಚಿಕೊಳ್ಳುವ ಪಲ್ಯಗಳು. ಇದಕ್ಕೆ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ತಂದಿಡುತ್ತಾರೆ. ಸೋಯಾ ಮೊಳಕೆಗೆ ಎಳ್ಳೆಣ್ಣೆ ಹಾಕಿ ಕಲಸಿದ್ದು ಅಮ್ಮನಿಗೆ ತುಂಬಾ ಹಿಡಿಸಿತು. ಕಿಮ್ಚಿಗೆ, ಅಂದರೆ ಹುಳಿ ಬರಿಸಿದ ಖಾರದ ಕೋಸಿನ ಉಪ್ಪಿನಕಾಯಿಗೆ, ಉಪ್ಪು ಹಾಕಿದ ಸಿಗಡಿ, ಮೀನಿನ ಸಾಸ್ ಬೀಳುತ್ತೆ ಅಂತ ನನಗೆ ಗೊತ್ತಿತ್ತು. ಅದನ್ನು ನನ್ನ ಕಡೆ ಎಳೆದುಕೊಂಡೆ.

ಅಮ್ಮನಿಗೆ ಸೂನ್‌ಡುಬು ಹೇಳಿದೆ. ಮೆತ್ತನೆ ತೋಫು, ಅಂದರೆ ಸೋಯಾ ಹಾಲಿನ ಪನೀರ್, ಹಾಕಿದ ಖಾರದ ಸಾರು. ಮಣ್ಣಿನ ಮಡಕೆಯಲ್ಲಿ ಕೊತಕೊತ ಕುದಿಯುತ್ತಲೇ ಟೇಬಲ್‌ಗೆ ಬರುತ್ತೆ. "ಮಾಂಸ ಬೇಡ, ಮೊಟ್ಟೆ ಬೇಡ" ಅಂದೆ. ಬಡಿಸುವಾಕೆ ಬರೆದುಕೊಂಡರು, ಹಾಗೇ ತಂದುಕೊಟ್ಟರು.

ನಾನು ತಪ್ಪಿದ್ದು ಇಲ್ಲೇ. ಸಾರಿನಲ್ಲಿ ಏನೇನು ತೇಲುತ್ತೆ ಅನ್ನೋದನ್ನಷ್ಟೇ ಯೋಚಿಸಿದೆ. ಸಾರಿನ ನೀರು ಯಾವುದು ಅಂತ ಕೇಳಲಿಲ್ಲ. ಕೊರಿಯನ್ ಅಡುಗೆಯಲ್ಲಿ ಇಂಥ ಸಾರುಗಳಿಗೆ ಬರೀ ನೀರು ಹಾಕೋದು ಕಡಿಮೆ. ಒಣಗಿಸಿದ ಸಣ್ಣ ಆಂಚೊವಿ ಮೀನು, ಕೆಲ್ಪ್ ಅನ್ನುವ ಕಡಲ ಸೊಪ್ಪು ಹಾಕಿ ಕುದಿಸಿ, ಸೋಸಿ, ಆ ನೀರನ್ನೇ ಬಳಸುತ್ತಾರೆ. ಕೆಲವು ಕಡೆ ದನದ ಮೂಳೆಯ ನೀರು. ಮೀನು ಸೋಸಿ ಹೋಗಿರುತ್ತಲ್ಲ, ಕಣ್ಣಿಗೆ ಏನೂ ಕಾಣಲ್ಲ. ಮೆನುವಿನಲ್ಲಿ 'ತರಕಾರಿ ಸೂನ್‌ಡುಬು' ಅಂತಿದ್ದರೂ ನೀರು ಅದೇ ಇರಬಹುದು. ನಾನು ಮಾಂಸ ಅಂದೆ, ಮೀನು ಅನ್ನಲಿಲ್ಲ. ಆಕೆ ನಾನು ಹೇಳಿದ್ದನ್ನು ಸರಿಯಾಗಿಯೇ ಮಾಡಿದ್ದರು.

ಅಮ್ಮ ಅರ್ಧಕ್ಕಿಂತ ಜಾಸ್ತಿ ಊಟ ಮಾಡಿ, "ಎಷ್ಟು ಚೆನ್ನಾಗಿದೆ ಕಣೋ, ಹೇಗೆ ಮಾಡ್ತಾರೆ ಕೇಳು, ಮನೇಲೂ ಮಾಡೋಣ" ಅಂದರು. ಕೇಳಿದೆ. ಆಕೆ ಖುಷಿಯಿಂದ ಮೊದಲು ಮೀನಿನಿಂದಲೇ ಶುರು ಮಾಡಿದರು. ಅಮ್ಮ ನನ್ನ ಮುಖ ನೋಡುತ್ತಿದ್ದರು. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಅಮ್ಮ ಬೈಯಲಿಲ್ಲ. ಚಮಚ ಕೆಳಗಿಟ್ಟು ನೀರು ಕುಡಿದರು, ಅಷ್ಟೇ. ಆಮೇಲೆ ಊರಿಗೆ ಹೊರಡೋವರೆಗೂ ಹೊರಗಡೆ ಒಂದು ತುತ್ತೂ ತಿನ್ನಲಿಲ್ಲ. ಎಲ್ಲಿಗೆ ಹೋದರೂ ಚಿತ್ರಾನ್ನದ ಡಬ್ಬಿ ಜೊತೆಗಿರುತ್ತಿತ್ತು. ಅದು ನನಗೆ ಇವತ್ತಿಗೂ ಬೇಜಾರು.

ಈಗ ನಿಮ್ಮ ವಿಷಯ. ಬಾರ್ಬೆಕ್ಯೂ ಹೋಟೆಲ್‌ನಲ್ಲಿ ಟೇಬಲ್ ಮಧ್ಯದಲ್ಲೇ ಮಾಂಸ ಸುಡುತ್ತಾರೆ. ಹೊಗೆ ಅಮ್ಮನ ಮುಖಕ್ಕೇ. ಶನಿವಾರದ ನೂಕುನುಗ್ಗಲಿನಲ್ಲಿ ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳೋಕೆ ಯಾರಿಗೂ ಪುರುಸೊತ್ತಿರಲ್ಲ. ದುಡ್ಡೂ ಜಾಸ್ತಿ. ಸಣ್ಣ ಹೋಟೆಲ್‌ನಲ್ಲಿ ವಾರದ ದಿನ ಸಂಜೆ 6ಕ್ಕೆ ಹೋದರೆ ಬಡಿಸುವವರೇ ಒಳಗೆ ಹೋಗಿ ಅಡುಗೆಯವರನ್ನೇ ಕೇಳಿಕೊಂಡು ಬರುತ್ತಾರೆ.

ಸೂನ್‌ಡುಬು ಬಿಟ್ಟುಬಿಡಿ. ಬೇರೆ ನೀರಲ್ಲಿ ಮಾಡಿಕೊಡ್ತೀವಿ ಅಂದರೂ ಮಸಾಲೆಯಲ್ಲಿ ಏನಿದೆಯೋ ಕೇಳಬೇಕಾಗುತ್ತೆ. ಡೋಲ್‌ಸೋಟ್ ಬಿಬಿಂಬಾಪ್ ಹೇಳಿ. ಕಾದ ಕಲ್ಲಿನ ಬಟ್ಟಲಲ್ಲಿ ಅನ್ನ, ಮೇಲೆ ಪಾಲಕ್, ಕ್ಯಾರೆಟ್, ಮೊಳಕೆ, ಅಣಬೆ. ಮಾಂಸ, ಮೊಟ್ಟೆ ಬೇಡ ಅನ್ನಿ. ಗೋಚುಜಾಂಗ್, ಅಂದರೆ ಮೆಣಸಿನಕಾಯಿ ಮತ್ತು ಸೋಯಾ ಹುಳಿ ಬರಿಸಿ ಮಾಡಿದ ಕೆಂಪು ಚಟ್ನಿ, ಬೇರೆ ಬಟ್ಟಲಲ್ಲಿ ಕೇಳಿ. ಕೆಲವರು ಅದರಲ್ಲಿ ಮಾಂಸ ಹುರಿದು ಹಾಕುತ್ತಾರೆ, ವಿಚಾರಿಸಿಕೊಳ್ಳಿ. ಪಲ್ಯಗಳಿಗೆ ಮೀನಿನ ಸಾಸ್ ಹಾಕಿದ್ದಾರಾ ಅಂತಲೂ. ಬಂದ ಕೂಡಲೇ ಕಲಸಬೇಡಿ. ಒಂದೆರಡು ನಿಮಿಷ ಬಿಟ್ಟರೆ ಚಟಚಟ ಸದ್ದಾಗಿ ತಳದ ಅನ್ನ ಗರಿಗರಿಯಾಗುತ್ತೆ. ಹೋದ ವರ್ಷ ಅತ್ತೆ ಬಂದಾಗ ಇದನ್ನೇ ಕೊಡಿಸಿದೆ. ಆ ತಳದ ಅನ್ನವನ್ನು ಚಮಚದಲ್ಲಿ ಕೆರೆದು ಕೆರೆದು ತಿಂದರು.

ನಿಮ್ಮ ಅಮ್ಮ ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನೋದಿಲ್ಲವಾದರೆ ಈ ಯೋಚನೆಯೇ ಬೇಡ. ಅವೆರಡೂ ಇಲ್ಲದ ಅಡುಗೆ ಕೊರಿಯಾದ ಬೌದ್ಧ ಮಠಗಳಲ್ಲಿದೆ. ಬಡಾವಣೆಯ ಹೋಟೆಲ್‌ಗಳಲ್ಲಿ ಅದನ್ನು ನಾನು ಕಂಡಿಲ್ಲ. ತಿನ್ನುತ್ತಾರೆ ಅಂದರೆ ಹೊರಡೋ ಮೊದಲೇ ಫೋನ್ ಮಾಡಿ, ಮೀನು, ಸಿಗಡಿ, ಮಾಂಸ, ಅವುಗಳ ನೀರು, ಅವುಗಳ ಸಾಸ್, ಹೀಗೆ ಒಂದೊಂದನ್ನೂ ಬಿಡಿಸಿ ಕೇಳಿ.